ಮಲಾಪೊ ದಡದ ಒಲೆ

ಮಾರ್ಚ್ 3, ಸೋಮವಾರ. ಸಂಜೆ

ಇವತ್ತೂ ಜರಡಿ. ಬೆಳಗಿನಿಂದ ಮರಳು, ಚಿಪ್ಪು, ಮತ್ತೆ ಮರಳು. ತೋಳು ಬಿದ್ದುಹೋಗಿದೆ. ಓಬೆದ್ ಗುಂಡಿಯೊಳಗೆ ಮೊಣಕಾಲೂರಿ ಕರಣೆಯಿಂದ ಕೆರೆಯುತ್ತಾನೆ. ಬಕೆಟ್ ತುಂಬಿದರೆ ತಲೆಯೆತ್ತುವುದಿಲ್ಲ, ಕೈ ಮಾತ್ರ ಎತ್ತುತ್ತಾನೆ. ರಾಜಧಾನಿ ವಿಲಾದ ಮ್ಯೂಸಿಯಮ್ಮಿನವನು, ಮಾಲೆಕುಲ ದ್ವೀಪದವನು. ನಮ್ಮ ಎಫಾತೆ ದ್ವೀಪದ ನೆಲ ಅಗೆಯಲು ಎಫಾತೆಯವರೇ ಸಿಗಲಿಲ್ಲವೇ ಎಂದು ಮೊದಲ ದಿನವೇ ಕೇಳಿಬಿಟ್ಟಿದ್ದೆ. "ನಿಮ್ಮೋರು ಯಾರೂ ಈ ಸಂಬಳಕ್ಕೆ ಬರಲ್ಲ ಅಂದ್ರಂತೆ," ಅಂದ. ಬೇಸರ ಮಾಡಿಕೊಳ್ಳಲಿಲ್ಲ.

ಮಧ್ಯಾಹ್ನದ ಮೇಲೆ ಕರೆದ. ಇಳಿದೆ. ಕಲ್ಲು... ಒಂದಲ್ಲ, ಒತ್ತೊತ್ತಾಗಿ, ದುಂಡಗೆ ಜೋಡಿಸಿದ್ದು. ಕರಿಕಲ್ಲು, ಮೈಯೆಲ್ಲ ಬೆಂಕಿ ಕಂಡ ಬಣ್ಣ.

"ಒಲೆ," ಅಂದ. "ನಿಮ್ಮ ಮನೆ ಹಿಂದೆ ಕಲ್ಲು ಕಾಯಿಸಿ, ಗೆಣಸು ಎಲೆಯಲ್ಲಿ ಸುತ್ತಿ ಲಪ್‌ಲಪ್ ಬೇಯಿಸ್ತೀರಲ್ಲ, ಅದೇ ಥರದ್ದು."

"ಎಷ್ಟು ಹಳೇದು?"

"ಜ್ವಾಲಾಮುಖಿಯ ಬೂದಿಮಳೆ ಪದರದ ಕೆಳಗಿದೆ. ಎರಡು ಸಾವಿರ ವರ್ಷ ಇರಬಹುದು. ಮೂರೂ ಇರಬಹುದು. ಇದ್ದಿಲು ಹೇಳ್ಬೇಕು, ಅದರ ವಯಸ್ಸು ಲ್ಯಾಬಲ್ಲಿ ಗೊತ್ತಾಗತ್ತೆ."

ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ. ಗುಂಡಿಯ ಅಂಚು ಕುಸಿಯುತ್ತದೆ ಎಂದು ದಿನಕ್ಕೆ ಹತ್ತು ಸಲ ಬೈಸಿಕೊಳ್ಳುತ್ತೇನೆ.

ಮಾರ್ಚ್ 4, ಮಂಗಳವಾರ

ಓಬೆದ್ ಎಲ್ಲವನ್ನೂ ಬಿಡಿಸಿ ಹೇಳಿದ. ಬರೆದಿಡುತ್ತೇನೆ, ಸಿಟ್ಟಿನಲ್ಲಿ ನಾಳೆ ಮರೆತೇನು.

ದೊಡ್ಡಪ್ಪ ಮಲಾಪೊ ದಡವನ್ನು, ನಾವು ಅಗೆಯುತ್ತಿರುವ ಈ ಜಾಗವನ್ನೇ, ಎಪ್ಪತ್ತೈದು ವರ್ಷಕ್ಕೆ ಲೀಸ್ ಕೊಟ್ಟಾಗಿದೆ. ಹೋಟೆಲ್ ಕಂಪನಿಯ ಬುಲ್ಡೋಜರ್ ತಿಂಗಳ ಕೊನೆಗೆ ಬರುತ್ತದೆ. ಅದನ್ನು ನಿಲ್ಲಿಸಲು ಈಗ ಒಂದೇ ದಾರಿ — ಮ್ಯೂಸಿಯಂ ಸಮಿತಿಯ ತಡೆ ಕಾಗದ. ಒಲೆಯ ಇದ್ದಿಲು ವಿದೇಶದ ಲ್ಯಾಬಿಗೆ ಹೋದ ದಿನವೇ ತಡೆ ಸಿಗುತ್ತದೆ, ಉತ್ತರ ಬರುವವರೆಗೆ ಕಾಯಬೇಕಿಲ್ಲ. ಆದರೆ ಮೇಲೆ ಸಿಕ್ಕಿದ ಇದ್ದಿಲು ಲೆಕ್ಕಕ್ಕಿಲ್ಲ. ಏಡಿಗಳು ಬಿಲ ಕೊರೆದು ಈ ಕಾಲದ ಕಸವನ್ನೆಲ್ಲ ಕೆಳಗೆ ಒಯ್ದಿವೆ. ಕಲ್ಲುಗಳ ಅಡಿಯಲ್ಲಿ ಮುಚ್ಚಿಕೊಂಡಿರುವುದು ಬೇಕು. ಕಲ್ಲು ಎತ್ತುವ ಮೊದಲು ಚಿತ್ರ ಬರೆಯಬೇಕು, ಫೋಟೊ ತೆಗೆಯಬೇಕು. ಅವನ ಕ್ಯಾಮೆರಾ ಉಪ್ಪುಗಾಳಿ ಹಿಡಿದು ಕೆಟ್ಟಿದೆ, ಫೋನಿನ ಫೋಟೊ ಸಮಿತಿ ಒಪ್ಪುವುದಿಲ್ಲವಂತೆ.

"ಫೋಟೊ ಆಮೇಲೆ ತೆಗಿ. ಈಗಲೇ ಎತ್ತು," ಅಂದೆ.

"ಎತ್ತಿದ್ಮೇಲೆ ಅದು ಒಲೆ ಅಲ್ಲ, ಕಲ್ಲಿನ ಗುಡ್ಡೆ. ನೋಡು ಲೈಸಾವ್, ಸಮಿತಿಯಲ್ಲಿ ಕಂಪನಿ ಲಾಯರು ಕೂತಿರ್ತಾನೆ. ಅವನು ಮೊದಲು ಕೇಳೋದೇ ಫೋಟೊ."

ಸರಿ. ಕಾಯುವುದು. ಕಾಯುವುದು ಎಂದರೆ ನನಗೆ ಆಗದು.

ಮಾರ್ಚ್ 5, ಬುಧವಾರ. ಮುಖ್ಯಸ್ಥರ ದಿನ

ರಜೆ. ಊರಿಗೆಲ್ಲ ಹಬ್ಬ. ದೊಡ್ಡಪ್ಪ ಕಲ್ತಪಾವ್ ನಮ್ಮೂರಿನ ಮುಖ್ಯಸ್ಥ, ಹಂದಿಹಲ್ಲಿನ ಸರ ಹಾಕಿ ಆಲದ ಮರದ ಕೆಳಗೆ ನಿಂತು ಸಂಪ್ರದಾಯದ ಬಗ್ಗೆ ಭಾಷಣ ಮಾಡಿದ. ನಮ್ಮ ನೆಲ, ನಮ್ಮ ಹಿರಿಯರು... ಆ ಬಾಯಿಂದ! ಹೋಟೆಲಿನವರು ಕಳಿಸಿದ ಕುರ್ಚಿಯ ಮೇಲೆ ಕೂತೇ ಜನ ಚಪ್ಪಾಳೆ ತಟ್ಟಿದರು.

ಸ್ವಾತಂತ್ರ್ಯ ಬಂದ ಕಾಲದ ಕರಪತ್ರಗಳು ನನ್ನ ಹತ್ತಿರ ಇವೆ, ಚರ್ಚಿನ ಉಗ್ರಾಣದಲ್ಲಿ ಸಿಕ್ಕಿದ್ದು. ಜಿರಲೆ ತಿಂದು ಉಳಿದದ್ದನ್ನೆಲ್ಲ ಓದಿದ್ದೇನೆ. ಹತ್ತನೆಯ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಅವೇ ಕಾಲೇಜು. ನೆಲವನ್ನು ಮಾರಲು ಯಾವ ಒಬ್ಬನಿಗೂ ಹಕ್ಕಿಲ್ಲ, ಅದು ಸತ್ತವರದು, ಹುಟ್ಟಬೇಕಾದವರದು ಎಂದು ಅಚ್ಚಾಗಿದೆ. ಬರೆದವರ ಹೆಸರಿಲ್ಲ. ಬರೆದವರೆಲ್ಲ ಆಮೇಲೆ ಮಂತ್ರಿಗಳಾಗಿರಬೇಕು.

ಗಂಡಸರ ಸಭೆಯಲ್ಲಿ ನನ್ನಂಥವಳು ಮಾತಾಡುವಂತಿಲ್ಲ. ಅಡುಗೆ ಚಪ್ಪರಕ್ಕೆ ಹೋದೆ.

"ಬಂತು ನೋಡ್ರೇ ಪಾರ್ಲಿಮೆಂಟು," ಅಂದಳು ಲೈವಿಯಾ ಅತ್ತೆ. ಎಲ್ಲ ನಕ್ಕರು.

ಗೆಣಸು ತುರಿಯುತ್ತ ಹೆಂಗಸರು ಹೇಳಿದ್ದು ಒಂದೇ — ಆ ಗುಂಡಿ ಒಳ್ಳೇದಲ್ಲ, ಹಳೇ ಜಾಗ ಕೆದಕಿದರೆ ದೆವ್ವ ಹಿಡಿಯುತ್ತದೆ, ಓಬೆದನಿಗೇನು, ಅವನು ತನ್ನ ದ್ವೀಪಕ್ಕೆ ಹೋಗುತ್ತಾನೆ, ಜ್ವರ ಬರುವುದು ನಮ್ಮ ಮಕ್ಕಳಿಗೆ. ಅತ್ತೆಯಂತೂ ಆ ದಾರಿಯಲ್ಲಿ ಹೋಗುವಾಗ ಕಿವಿಗೆ ಕೆಂಪೆಲೆ ಸಿಕ್ಕಿಸಿಕೊಳ್ಳುತ್ತಾಳಂತೆ.

ಎದ್ದು ನಿಂತೆ. ದೆವ್ವದ್ದಲ್ಲ ಅದು, ನಿಮ್ಮಜ್ಜಿಯ ಅಜ್ಜಿಯ ಅಡುಗೆಮನೆ ಅಂದೆ. ಮ್ಯೂಸಿಯಮ್ಮಿನದೂ ಅಲ್ಲ, ಹೋಟೆಲಿನದೂ ಅಲ್ಲ, ನಿಮ್ಮದು. ನಿಮ್ಮ ಮನೆ ಒಲೆಗೆ ಹೆದರುತ್ತೀರಾ? ಬಂದು ನೋಡಿ, ಮುಟ್ಟಿ, ಕೂತುಕೊಳ್ಳಿ. ನಾವು ದೂರ ನಿಂತಷ್ಟೂ ಅದು ಇನ್ನೊಬ್ಬರದಾಗುತ್ತದೆ.

ಚೆನ್ನಾಗಿ ಮಾತಾಡಿದೆ. ನನಗೇ ಗೊತ್ತಾಯಿತು. ಒಬ್ಬರೂ ನಗಲಿಲ್ಲ.

ಮಾರ್ಚ್ 7, ಶುಕ್ರವಾರ

ಬಂದರು! ಎಂಟು ಹತ್ತು ಹೆಂಗಸರು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು. ಓಬೆದ್ ಹೆದರಿಕೊಂಡು ಅಂಚಿಗೆ ಹಲಗೆ ಹಾಸಿದ. ಅತ್ತೆ ಚಪ್ಪಲಿ ಬಿಟ್ಟು ಇಳಿದೇಬಿಟ್ಟಳು. ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಕಲ್ಲಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು.

"ಒಳ್ಳೆ ಕಲ್ಲು," ಅಂದಳು.

"ಮೂರು ಸಾವಿರ ವರ್ಷದ್ದು ಅತ್ತೆ."

"ಅದಕ್ಕೇ."

ಹೋಗುವಾಗ ಎಲ್ಲರೂ ಸಮಿತಿಗೆ ಕೊಡುವ ಅರ್ಜಿಗೆ ಸಹಿ ಹಾಕುತ್ತೇವೆ ಅಂದರು, ದೊಡ್ಡಪ್ಪನ ವಿರುದ್ಧವೇ. ಅತ್ತೆ ಅವನ ಒಡಹುಟ್ಟಿದವಳು, ಅವಳೂ. ಜನ ಎದ್ದರೆ ಏನು ತಾನೆ ಆಗುವುದಿಲ್ಲ!

ಚಿತ್ರ ಮುಗಿಯಿತು. ಓಬೆದ್ ನಾಳೆ ಬೆಳಿಗ್ಗೆ ಟ್ರಕ್ಕಿನಲ್ಲಿ ವಿಲಾಕ್ಕೆ ಹೋಗಿ ಬೇರೆ ಕ್ಯಾಮೆರಾ, ಲ್ಯಾಬಿಗೆ ಕಳಿಸುವ ಚೀಲ ತರುತ್ತಾನೆ. ಸೋಮವಾರ ಕಲ್ಲು ಎತ್ತುವುದು. ಗುಂಡಿಯ ಮೇಲೆ ಎತ್ತರಕ್ಕೆ ಟಾರ್ಪಾಲು ಕಟ್ಟಿ, ಸುತ್ತ ಕಾಲುವೆ ತೋಡಿದೆವು. ಒಂದು ಹನಿ ಬೀಳದು.

ಬುಬುಗೆ, ನನ್ನಜ್ಜಿಗೆ, ಕೆಮ್ಮು ಜಾಸ್ತಿ. ಒಲೆ ಸಿಕ್ಕಿತು ಎಂದು ಕಿವಿಯ ಹತ್ತಿರ ಕೂಗಿದೆ. "ಸೌದೆ ಇದೆಯಾ?" ಎಂದು ಕೇಳಿದಳು. ಅಜ್ಜಿಗೆ ಈಗ ಯಾವುದು ಯಾವ ಕಾಲದ್ದು ಅನ್ನುವುದು ಗೊತ್ತಾಗುವುದಿಲ್ಲ.

ಮಾರ್ಚ್ 8, ಶನಿವಾರ

ಮಳೆ. ಇಡೀ ದಿನ. ವಿಲಾ ದಾರಿಯ ಸೇತುವೆಯ ಮೇಲೆ ನೀರು ಬಂದಿದೆಯಂತೆ. ಓಬೆದ್ ಅಷ್ಟರಲ್ಲಿ ದಾಟಿದ್ದ. ಬುಬು ಏನೂ ತಿನ್ನಲಿಲ್ಲ. ಪಾಸ್ಟರ್ ಬಂದು ಹೋದರು.

ಮಾರ್ಚ್ 9, ಭಾನುವಾರ

ಬುಬು ಹೋದಳು. ಬೆಳಗಿನ ಗಂಟೆ ಹೊಡೆಯುತ್ತಿತ್ತು.

ಮಾರ್ಚ್ 10, ಸೋಮವಾರ

ಮಣ್ಣಾಯಿತು. ಮಳೆ ನಿಲ್ಲಲಿಲ್ಲ. ಸಮಾಧಿಯ ಗುಂಡಿಗೆ ನೀರು ನುಗ್ಗಿ ಗಂಡಸರು ಬಕೆಟ್ಟಿನಿಂದ ತೋಡಿ ತೋಡಿ ಹಾಕಿದರು. ಬುಬುವನ್ನು ಒದ್ದೆಯಲ್ಲಿ ಮಲಗಿಸಿದೆವು... ಬರೆಯಲಾರೆ.

ಐದನೆಯ ದಿನದ ಊಟದವರೆಗೆ ಮನೆಯ ಹೆಣ್ಣುಮಕ್ಕಳು ಚಾಪೆ ಬಿಟ್ಟು ಏಳುವಂತಿಲ್ಲ. ನಾನು, ದೊಡ್ಡಮ್ಮ, ಕೆಳಗಿನ ಊರಿಂದ ಬಂದ ಇಬ್ಬರು ಚಿಕ್ಕಮ್ಮಂದಿರು. ಊಟದ ಹೊಣೆ ಸತ್ತವಳ ಮಗಳದು, ಹಾಗಾಗಿ ಅತ್ತೆ ಮಾತ್ರ ಹೊರಗೆ. ಅಳುತ್ತೇವೆ, ನಿದ್ದೆ ಮಾಡುತ್ತೇವೆ, ಬಂದವರ ಜೊತೆ ಮತ್ತೆ ಅಳುತ್ತೇವೆ. ಊರೇ ನೆರೆದಿದೆ. ಇಷ್ಟು ಜನಕ್ಕೆ ಈ ಮಳೆಯಲ್ಲಿ ಎಲ್ಲಿ ಅಡುಗೆ ಮಾಡಿದರೋ, ಬಿಸಿ ಬಿಸಿ ಲಪ್‌ಲಪ್ ಬಂತು. ಗೆಣಸು, ತೆಂಗಿನ ಹಾಲು, ಹಂದಿ. ಎರಡು ದಿನದಿಂದ ತಿಂದಿರಲಿಲ್ಲ. ನಾಚಿಕೆಯಿಲ್ಲದೆ ತಿಂದೆ. ಅಷ್ಟು ಹದವಾಗಿ ಬೆಂದ ಲಪ್‌ಲಪ್ ನಾನು ತಿಂದ ನೆನಪಿಲ್ಲ.

ಓಬೆದ್ ಬಂದಿಲ್ಲ. ಸೇತುವೆ ಇನ್ನೂ ಮುಚ್ಚಿದೆ.

ಮಾರ್ಚ್ 11, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅತ್ತೆ ಬೆಳಿಗ್ಗೆ ಚಹಾ ತಂದಳು. ಪಕ್ಕ ಕೂತು ತಲೆ ಸವರಿದಳು. ಊಟ ಹೇಗಿತ್ತು ಅಂದಳು. ಚೆನ್ನಾಗಿತ್ತು ಅಂದೆ.

"ಒಂದು ಕಲ್ಲೂ ಸಿಡೀಲಿಲ್ಲ ಗೊತ್ತಾ. ನಮ್ಮ ಹವಳದ ಕಲ್ಲಾಗಿದ್ರೆ ಪಟಪಟ ಅಂದು ಮುಖಕ್ಕೆ ಹಾರ್ತಿತ್ತು. ಎರಡು ಗಂಟೆ ಉರಿಸಿದ್ವಿ, ಕೆಂಡ ಆಗಿ ಕೂತಿತ್ತು, ಒಂದು ಬಿರುಕಿಲ್ಲ. ಅಂಥ ಕಲ್ಲು ಈಗೆಲ್ಲಿ ಸಿಗತ್ತೆ?"

"ಯಾವ ಕಲ್ಲು ಅತ್ತೆ?"

"ಅದೇ ಕಣೇ, ನಮ್ಮ ಒಲೇದು. ಮಲಾಪೊದ್ದು. ಊರಲ್ಲಿರೋ ಒಲೆ ಗುಂಡಿ ಎಲ್ಲಾ ನೀರು ತುಂಬ್ಕೊಂಡಿತ್ತು. ಅಲ್ಲಿ ನೋಡಿದ್ರೆ ಚಪ್ಪರ ಕಟ್ಟಿಟ್ಟಿದೀರ, ಒಳಗೆ ಒಣಗಿದ ಮರಳು, ಕಲ್ಲು ಕೂಡ ಜೋಡ್ಸಿಟ್ಟಿದೆ. ನಾನೇ ಅಂದೆ, ಲೈಸಾವ್ ಹೇಳಿಲ್ವಾ, ನಮ್ಮದು ಅಂತ. ಅಮ್ಮನ ಊಟಕ್ಕೆ ಅದಕ್ಕಿಂತ ಒಳ್ಳೆ ಒಲೆ ಯಾವುದು? ಮೊದಲು ಎಲ್ರೂ ಹಿಂದೆಮುಂದೆ ನೋಡಿದ್ರು. ನಾನೇ ಮೊದಲ ಸೌದೆ ಇಟ್ಟೆ."

ಅವಳ ಮುಖ ನೋಡಬೇಕಿತ್ತು. ನನಗೆ ಸಂತೋಷವಾಗಲಿ ಎಂದು ಹೇಳುತ್ತಿದ್ದಳು.

ಎದ್ದೆ. ಚಿಕ್ಕಮ್ಮ ಅಂಗಿಯ ಅಂಚು ಹಿಡಿದಳು. "ಕೂತ್ಕೊಳೇ, ಐದು ದಿನ ಆಗಿಲ್ಲ, ಸತ್ತೋಳಿಗೆ ಅವಮಾನ ಮಾಡ್ಬೇಡ." ಸಂಪ್ರದಾಯ ಉಳಿಸಿ ಎಂದು ಊರಿಗೆಲ್ಲ ಹೇಳುತ್ತಿದ್ದವಳು ನಾನು. ಕಿತ್ತುಕೊಂಡು ಓಡಿದೆ. ಕೆಸರಿನಲ್ಲಿ ಬರಿಗಾಲಲ್ಲಿ.

ಟಾರ್ಪಾಲು ಹಾಗೇ ಇತ್ತು, ಹೊಗೆ ಹಿಡಿದು ಕಪ್ಪಾಗಿ. ಗುಂಡಿಯನ್ನು ಅಗಲ ಮಾಡಿದ್ದರು, ಹಂದಿಗೆ ಸಾಲದೆಂದು. ಕಲ್ಲೆಲ್ಲ ಎತ್ತಿ, ಕೆಳಗೆ ಕೆದಕಿ, ಹೊಸ ಸೌದೆ ತುಂಬಿ, ಮತ್ತೆ ಕಲ್ಲು. ಆಮೇಲೆ ಗುಡಿಸಿ ಚೊಕ್ಕಟ ಮಾಡಿದ್ದರು. ಕೈ ಇಟ್ಟೆ. ಅಡಿಯ ಕಲ್ಲು ಇನ್ನೂ ಬಿಸಿ.

ಇದ್ದಿಲಿಗೇನು ಕೊರತೆ. ಎಲ್ಲೆಲ್ಲೂ ಇದ್ದಿಲು. ಯಾವುದು ನಿನ್ನೆಯದು, ಯಾವುದು ಅಂದಿನದು ಎಂದು ದೇವರೂ ಹೇಳಲಾರ.

ಮಾರ್ಚ್ 12, ಬುಧವಾರ

ಸೇತುವೆ ತೆರೆಯಿತು. ಓಬೆದ್ ಬಂದ. ಕತ್ತಿನಲ್ಲಿ ಹೊಸ ಕ್ಯಾಮೆರಾ. ಗುಂಡಿ ನೋಡಿದ. ನನ್ನ ಮೇಲೆ ಕೂಗಾಡುತ್ತಾನೆ ಎಂದು ಕಾದೆ. ಕೂಗಾಡಲಿ ಎಂದೇ ಕಾದೆ. ಅಂಚಿನಲ್ಲಿ ಕೂತ. ಅಂಚು ಕುಸಿಯಿತು, ಲಕ್ಷ್ಯ ಮಾಡಲಿಲ್ಲ.

"ಯಾರು?"

"ನಮ್ಮತ್ತೆ."

"ಎಷ್ಟು ಜನಕ್ಕೆ?"

"ಇನ್ನೂರು ಇರಬಹುದು."

ತಲೆಯಾಡಿಸಿದ. ಆಮೇಲೆ ನಗು ಬಂತು ಅವನಿಗೆ, ನಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದ, ಆದರೂ ಭುಜ ಕುಲುಕಿತು. ಕರಣೆ ಎತ್ತಿ ಎಸೆದೆ. ಅವನಿಗೆ ತಾಗಲಿಲ್ಲ.

"ಕ್ಷಮಿಸು," ಅಂದ. "ಹದಿನಾಲ್ಕು ವರ್ಷದಿಂದ ಅಗೀತಿದೀನಿ. ಅಲೆ ಕೊಚ್ಕೊಂಡು ಹೋಗಿದ್ದು ನೋಡಿದೀನಿ, ಹಂದಿ ಕೆದಕಿದ್ದು ನೋಡಿದೀನಿ. ಅಡುಗೆ ಮಾಡಿದ್ದು ಇದೇ ಮೊದಲು."

ಸಂಜೆ ಮನೆಗೆ ಬಂದರೆ ಚಾಪೆಯ ಮೇಲೆ ನನ್ನ ಜಾಗದಲ್ಲಿ ಬೇರೆಯವಳನ್ನು ಕೂರಿಸಿದ್ದರು.

ಮಾರ್ಚ್ 17, ಸೋಮವಾರ

ಐದು ದಿನದಿಂದ ಅಗೆಯುತ್ತಿದ್ದೇವೆ. ಪಕ್ಕದಲ್ಲಿ ಒಂದು ಗುಂಡಿ, ದಿಬ್ಬದ ಮೇಲೆ ಎರಡು, ದಡದ ಆಲದ ಬೇರಿನ ಹತ್ತಿರ ಒಂದು. ಒಲೆ ಇದ್ದ ಕಡೆ ಇನ್ನೊಂದು ಒಲೆ ಇರಲೇಬೇಕು ಎಂದು ನಾನು. ಇರಬಹುದು ಎಂದು ಓಬೆದ್. ಅಂಗೈ ಬೊಬ್ಬೆ ಒಡೆದಿದೆ. ಬಿಳಿ ಮರಳು. ಅದರ ಕೆಳಗೆ ಬಿಳಿ ಮರಳು. ಅದರ ಕೆಳಗೆ ಉಪ್ಪು ನೀರು.

ಹೆಂಗಸರು ಯಾರೂ ಈ ಕಡೆ ಬರುತ್ತಿಲ್ಲ. ಅತ್ತೆ ದಾರಿಯಲ್ಲಿ ಸಿಕ್ಕಳು. ನೋಡದ ಹಾಗೆ ಹೋದೆ. ಹಿಂದಿನಿಂದ ಕೂಗಿದಳು: "ಏನೇ ತಪ್ಪು ಮಾಡಿದ್ವಿ ನಾವು? ಬಾಯಿ ಬಿಟ್ಟು ಹೇಳು."

ಹೆಜ್ಜೆ ಬೇಗ ಹಾಕಿದೆ. ನನ್ನದೇ ಮಾತು ಕೇಳಿ ನಡೆದವರು ಇವರು ಮಾತ್ರ.

ಮಾರ್ಚ್ 19, ಬುಧವಾರ

ಓಬೆದನಿಗೆ ಹೇಳಿಬಿಟ್ಟೆ. ಮ್ಯೂಸಿಯಮ್ಮಿನ ಕಪಾಟಿನಲ್ಲಿ ಬೇರೆ ಕಡೆಯ ಹಳೇ ಇದ್ದಿಲು ಚೀಲಗಟ್ಟಲೆ ಇದೆಯಲ್ಲ. ಒಂದು ಚಿಟಿಕೆ. ಮಲಾಪೊ ಎಂದು ಚೀಟಿ ಅಂಟಿಸು. ಯಾರಿಗೆ ಗೊತ್ತಾಗುತ್ತದೆ?

ಕರಣೆಗೆ ಅಂಟಿದ ಮರಳು ಒರೆಸುತ್ತ ಕೂತ. ಒಪ್ಪುತ್ತಾನೆ ಅನ್ನಿಸಿತು ಒಂದು ಗಳಿಗೆ. ಒಪ್ಪಲಿ ಎಂದು ಪ್ರಾರ್ಥಿಸಿದೆ, ಪ್ರಾರ್ಥನೆ ಬಿಟ್ಟು ಎರಡು ವರ್ಷವಾದ ನಾನು.

"ನನ್ನೂರಲ್ಲೂ ಇಂಥದೇ ಕೇಸು ಮೂರು ನಡೀತಿದೆ," ಅಂದ. "ಇದರಲ್ಲಿ ನಾನು ಸಿಕ್ಕಿಬಿದ್ರೆ ಆ ಮೂರೂ ಹೋಯ್ತು. ಲಾಯರು ಬಿಡ್ತಾನಾ?"

"ಅಂದ್ರೆ ನಿಮ್ಮೂರು ಉಳಿಸ್ಕೊಳೋಕೆ ನಮ್ಮೂರು ಬಿಡ್ತೀಯ."

"ಹೌದು."

ಅಷ್ಟು ನೇರವಾಗಿ ಹೇಳಿದರೆ ಜಗಳ ಹೇಗೆ ಆಡುವುದು.

ಮಾರ್ಚ್ 22, ಶನಿವಾರ

ಅತ್ತೆ ಮತ್ತಿಬ್ಬರು ತಳ್ಳುಗಾಡಿ ತಂದರು. ನನ್ನನ್ನು ಕೇಳಲಿಲ್ಲ, ಓಬೆದನನ್ನು ಕೇಳಿದರು.

"ಮ್ಯೂಸಿಯಮ್ಮಿಗೆ ಬೇಡ ಅಂತಾದ್ರೆ ಆ ಕಲ್ಲು ತಗೊಂಡು ಹೋಗ್ಲಾ ಮಗ? ಬುಲ್ಡೋಜರ್ ಬಂದ್ರೆ ಮಣ್ಣಲ್ಲಿ ಹೋಗತ್ತೆ. ನಮ್ಮ ಮೂರ್ನಾಲ್ಕು ತಲೆಮಾರಿಗೆ ಆಗತ್ತೆ."

ಓಬೆದ್ ನನ್ನ ಕಡೆ ನೋಡಿದ. ನಾನು ಸಮುದ್ರದ ಕಡೆ ನೋಡಿದೆ. ಎರಡು ಕಲ್ಲಿಗೆ ಚೀಟಿ ಕಟ್ಟಿ ಚೀಲಕ್ಕೆ ಹಾಕಿಕೊಂಡ. ಉಳಿದದ್ದು ಒಯ್ಯಿರಿ ಅಂದ. ಒಂದೊಂದನ್ನೇ ತಟ್ಟಿ ನೋಡಿ ಗಾಡಿಗೆ ತುಂಬಿದರು. ಮೊಟ್ಟೆ ಜೋಡಿಸುವ ಹಾಗೆ, ಮಧ್ಯೆ ಎಲೆ ಇಟ್ಟು.

ಅವರು ಹೋದ ಮೇಲೆ ಗುಂಡಿಯೊಳಗೆ ಇಳಿದೆ. ಕಲ್ಲಿಲ್ಲದ ಒಲೆ. ಒಂದು ತಗ್ಗು, ಅಷ್ಟೇ. ನಾಯಿ ಮಲಗಲು ಮಾಡಿಕೊಂಡದ್ದಿರಬಹುದು.

ಮಾರ್ಚ್ 25, ಮಂಗಳವಾರ

ಸಮಿತಿ ಕೂತಿತ್ತು. ಫೋನಿನಲ್ಲಿ ತಿಳಿಸಿದರು. ಓಬೆದ್ ಬರೆದ ಚಿತ್ರ ನೋಡಿ ಚೆನ್ನಾಗಿದೆ ಅಂದರಂತೆ. ಚಿತ್ರಕ್ಕೆ ತಡೆ ಸಿಗುವುದಿಲ್ಲವಂತೆ.

ಅವನು ಸಾಮಾನು ಕಟ್ಟಿದ. ಜರಡಿಯನ್ನು ನನಗೇ ಬಿಟ್ಟ. ಯಾತಕ್ಕೆ ಎಂದು ಕೇಳಲಿಲ್ಲ. ಟ್ರಕ್ಕು ಹೊರಡುವಾಗ, "ವಿಲಾಕ್ಕೆ ಬಾ, ಮ್ಯೂಸಿಯಮ್ಮಲ್ಲಿ ಕೆಲಸ ಕೇಳ್ತೀನಿ. ನಿನಗೆ ಕಣ್ಣಿದೆ," ಅಂದ. ಎಫಾತೆಯವರು ಯಾರೂ ಆ ಸಂಬಳಕ್ಕೆ ಬರುವುದಿಲ್ಲ ಅಂದೆ. ನಕ್ಕ. ನಾನು ನಗಿಸಲು ಹೇಳಿರಲಿಲ್ಲ.

ಮಾರ್ಚ್ 28, ಶುಕ್ರವಾರ

ದೊಡ್ಡಪ್ಪನ ಹತ್ತಿರ ಹೋದೆ. ಹೋಗಬಾರದಿತ್ತು, ಹೋದೆ. ಸಂಜೆ, ಗಂಡಸರು ಕಾವಾ ಬೇರಿನ ರಸ ಕುಡಿಯುವ ಹೊತ್ತು. ಒಬ್ಬನೇ ಇದ್ದ. ಕರಪತ್ರ ಒಯ್ದಿದ್ದೆ. ಓದಿ ಹೇಳಿದೆ. ನಿಲ್ಲಿಸಲಿಲ್ಲ, ಪೂರ್ತಿ ಕೇಳಿದ.

"ಇದನ್ನ ಹಂಚಿದ್ದು ನಾನೇ ಕಣಮ್ಮ," ಅಂದ. "ಸೈಕಲ್ಲಲ್ಲಿ. ಇಪ್ಪತ್ತು ವಯಸ್ಸು. ಫ್ರೆಂಚ್ ಪೊಲೀಸು ಹಿಡಿದು ಈ ಹಲ್ಲು ಕಿತ್ರು." ತುಟಿ ಎತ್ತಿ ತೋರಿಸಿದ.

ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

"ಮತ್ತೆ ಯಾಕೆ?"

"ಏನು ಯಾಕೆ? ಔಷಧಿಗೆ ವಿಲಾಕ್ಕೆ ಹೋಗ್ಬೇಕು. ಹೆರಿಗೆಗೆ ವಿಲಾಕ್ಕೆ ಹೋಗ್ಬೇಕು. ಹುಡುಗರೆಲ್ಲ ನ್ಯೂಜಿಲೆಂಡಲ್ಲಿ ಸೇಬು ಕೀಳ್ತಿದಾರೆ. ದಡ ಇಟ್ಕೊಂಡು ನಾವು ಯಾರಿಗೆ ಕಾಯ್ತಾ ಕೂತಿರೋದು? ಹುಟ್ಟಬೇಕಾದೋರು ಅಂತ ಬರೆದಿದೆ ಅಲ್ಲಿ. ಅವರು ಎಲ್ಲಿ ಹುಟ್ತಾರೆ, ಹೇಳು."

ಉತ್ತರ ಇತ್ತು. ಹತ್ತು ಉತ್ತರ ಇತ್ತು. ಈಗ ಬರೆಯುತ್ತ ಕೂತಿದ್ದೇನೆ, ಒಂದೂ ನೆಲಕ್ಕೆ ಕಾಲೂರಿ ನಿಲ್ಲುತ್ತಿಲ್ಲ.

ಬರುವಾಗ ಕರಪತ್ರವನ್ನು ಅಲ್ಲೇ ಬಿಟ್ಟುಬಂದೆ. ಮರೆತು. ಅಥವಾ ಮರೆಯದೆ.

ಮಾರ್ಚ್ 30, ಭಾನುವಾರ

ಚರ್ಚಿನ ನಂತರ ಹೆಂಗಸರನ್ನು ಕೇಳಿದೆ. ನಾಳೆ ಮಲಾಪೊದಲ್ಲಿ ಕೂರೋಣ. ಬರೀ ಕೂರುವುದು. ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ನೆಲ ನೋಡಿದಳು.

"ನೀನು ಹೇಳಿದ್ದು ಮಾಡಿದ್ರೆ ಬೈತೀಯ, ಮಾಡದಿದ್ರೂ ಬೈತೀಯ," ಅಂದಳು. ಸಿಟ್ಟಿರಲಿಲ್ಲ ಮಾತಿನಲ್ಲಿ. ಸುಸ್ತು. "ಅಮ್ಮ ಸತ್ತಾಗ ಚಾಪೆ ಬಿಟ್ಟು ಎದ್ದು ಹೋದೆ. ಈಗ ನಮ್ಮನ್ನ ಎಲ್ಲಿ ಕೂರ್ಸೋಕೆ ಕರೀತೀಯ?"

ನಾನು ಒಬ್ಬಳೇ ಹೋಗುತ್ತೇನೆ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ, ಮಲಾಪೊ

ತಗ್ಗಿನ ಮಧ್ಯದಲ್ಲಿ ಕೂತಿದ್ದೇನೆ. ನೀರಿನ ಬಾಟಲಿ, ಕೊಡೆ, ಈ ಪುಸ್ತಕ. ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೇನೆ. ಪೊಲೀಸರು ಬಂದರೆ ಒಂದು, ಕಂಪನಿಯವರು ಬಂದರೆ ಒಂದು, ದೊಡ್ಡಪ್ಪ ಬಂದರೆ ಒಂದು.

ಬುಲ್ಡೋಜರ್ ಬಂತು. ಒಂದಲ್ಲ, ಎರಡು. ಓಡಿಸುವವರು ಟಾನಾ ದ್ವೀಪದವರು ಇರಬೇಕು, ಮುಖ ಪರಿಚಯವಿಲ್ಲ. ಒಬ್ಬ ಕೈ ಬೀಸಿದ, ಗುಡ್ ಮಾರ್ನಿಂಗ್ ಅನ್ನುವ ಹಾಗೆ. ತಿಂಡಿ ತಿಂದರು. ಆಮೇಲೆ ಶುರು ಮಾಡಿದರು.

ನನ್ನ ಕಡೆಯಿಂದ ಅಲ್ಲ. ಆ ತುದಿಯಿಂದ, ತೆಂಗಿನ ಸಾಲಿನಿಂದ.

ಹತ್ತು ಗಂಟೆ

ಯಾರೂ ಬಂದಿಲ್ಲ. ಏಳು ಎಂದು ಯಾರೂ ಹೇಳಿಲ್ಲ. ಅಳತೆಯವನೊಬ್ಬ ಹತ್ತಿರ ಬಂದು, ಅಲ್ಲೇ ಇರಿ, ತೊಂದರೆ ಇಲ್ಲ, ಈ ಭಾಗ ಕೊನೆಗೆ ಅಂದ. ಬಾಯಿಪಾಠ ಮಾಡಿದ್ದು ಯಾವುದೂ ಅವನಿಗೆ ಹೊಂದಲಿಲ್ಲ. ಬಿಸಿಲು ಏರುತ್ತದೆ, ಟೋಪಿ ಬೇಕಾ ಎಂದು ಕೇಳಿದ.

ಬೇಡ ಅಂದೆ.

ಮಧ್ಯಾಹ್ನ

ತೆಂಗು ಮುಗಿಯಿತು. ಮರ ಬೀಳುವ ಸದ್ದಿಗೆ ಮೊದಮೊದಲು ಮೈ ಬೆಚ್ಚುತ್ತಿತ್ತು, ಈಗ ಇಲ್ಲ. ಬೆಚ್ಚದಿರುವುದೇ ಹೆದರಿಕೆ. ಅವರು ಊಟಕ್ಕೆ ಕೂತಿದ್ದಾರೆ, ಅನ್ನ, ಡಬ್ಬಿ ಮೀನು. ನನಗೂ ಒಂದು ತಟ್ಟೆ ತಂದಿಟ್ಟು ಹೋದರು. ಮುಟ್ಟಿಲ್ಲ. ನೊಣ ಕೂತಿದೆ.

ಎಂಜಿನ್ ಮತ್ತೆ ಶುರುವಾಯಿತು. ಬೆನ್ನ ಮೇಲೆ ಇಷ್ಟು ಹೊತ್ತು ಇದ್ದ ನೆರಳು ಈಗಿಲ್ಲ. ಆಲದ ಮರ ಉರುಳಿರಬೇಕು. ತಿರುಗಿ ನೋಡುವುದಿಲ್ಲ. ಅಳತೆಯವನು ಮತ್ತೆ ಈ ಕಡೆ ಬರುತ್ತಿದ್ದಾನೆ, ಈ ಸಲ ಜೊತೆಗೆ ದೊಡ್ಡಪ್ಪ, ಕೈಯಲ್ಲಿ ನಾನು ಮನೆಯಲ್ಲೇ ಬಿಟ್ಟುಬಂದ ಚಪ್ಪಲಿ ಹಿಡಿದುಕೊಂಡು. ಅವನಿಗೆ ಏನು ಹೇಳಬೇಕು ಅಂದುಕೊಂಡಿದ್ದೆ? ಮೊದಲ ಮಾತು —